ಬರೇ ಬಂಜಿಬೇನೆ

ಮುಂಡಾಜೆಯ ಮೇಲಿನ ಕಾಡಿನಲ್ಲಿ ಬಾವಲಿಗಳ ಗುಹೆಯೊಂದಿತ್ತು. ಅದರೊಳಗೆ ಯಾವ ಜಾತಿಯವು, ಎಷ್ಟು ಇವೆ ಎಂದು ಯಾರೂ ಎಣಿಸಿರಲಿಲ್ಲ. ಮಳೆ ನಿಂತ ಮೇಲೆ ಅರಣ್ಯ ಇಲಾಖೆಯ ಅನುಮತಿ ಸಿಕ್ಕಿತು. ಹತ್ತಬೇಕು, ಎಣಿಸಬೇಕು, ಕತ್ತಲಾಗುವ ಮೊದಲು ಇಳಿಯಬೇಕು.

ತಂಡದ ಮುಂದಾಳು ಹರಿಣಾಕ್ಷಿ, ಮೂಡುಬಿದಿರೆಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಅಧ್ಯಾಪಕಿ. ಜೊತೆಗೆ ಅವಳ ಸಂಶೋಧನಾ ವಿದ್ಯಾರ್ಥಿನಿ, ಬೆಳುವಾಯಿಯ ಮೋಕ್ಷಿತಾ. ಹಗ್ಗದ ಕೆಲಸಕ್ಕೆ ಬಂಟ್ವಾಳದ ಶಾಫಿ. ನೇತ್ರಾವತಿ ಉಕ್ಕಿದಾಗಲೆಲ್ಲ ಜನರನ್ನು ಪಾರುಮಾಡಲು ದೋಣಿ ಇಳಿಸುವವನು. ದಾರಿ ತೋರಿಸಲು ಮುಂಡಾಜೆಯ ಅಶೋಕ್.

ಮೊದಲ ಏರಿನಲ್ಲೇ ಮೋಕ್ಷಿತಾ ಹಿಂದೆ ಉಳಿದಳು.

“ಎಂತ ಆಯ್ತು?” ಹರಿಣಾಕ್ಷಿ ಕೇಳಿದಳು.

“ಏನಿಲ್ಲ ಮೇಡಂ. ಬರೇ ಬಂಜಿಬೇನೆ.”

ತುಳುವಿನಲ್ಲಿ ಅದು ಹೊಟ್ಟೆನೋವು. ಆದರೆ ಗಂಡಸರ ಎದುರು ಹುಡುಗಿಯೊಬ್ಬಳು ಸ್ವರ ತಗ್ಗಿಸಿ ಹಾಗೆಂದರೆ ಕೇಳಿದವರು ತಿಂಗಳ ನೋವು ಎಂದೇ ತಿಳಿಯುತ್ತಾರೆ, ಮುಂದೆ ಪ್ರಶ್ನೆ ಹಾಕುವುದಿಲ್ಲ. ಶಾಫಿ, ಅಶೋಕ್ ಇಬ್ಬರೂ ಸರಸರನೆ ಮುಂದೆ ಹೋಗಿ ಮರ ನೋಡುತ್ತ ನಿಂತರು. ಹರಿಣಾಕ್ಷಿಯೂ ಕೇಳಲಿಲ್ಲ. ಫ್ಲಾಸ್ಕಿನಿಂದ ಜೀರಿಗೆ ಕಷಾಯ ಬಗ್ಗಿಸಿ ಕೊಟ್ಟಳು, ಹುಡುಗಿಯ ಚೀಲವನ್ನು ತಾನು ಹೊತ್ತಳು.

ಹಳ್ಳ ದಾಟಿದ ಮೇಲೆ ಕಾಡು ದಟ್ಟವಾಯಿತು. ಬೇರುಗಳು ಬಂಡೆಗಳನ್ನು ತಬ್ಬಿ ಹಿಡಿದಿದ್ದವು. ಕೊಳೆತ ಎಲೆಗಳ ಅಡಿಯಲ್ಲಿ ನೆಲ ಇನ್ನೂ ಒದ್ದೆಯಾಗಿತ್ತು. ಎಲ್ಲೋ ಮೇಲೆ ಮಂಗಟ್ಟೆ ಹಕ್ಕಿಯ ರೆಕ್ಕೆ ಬಡಿತ. ಗಾಳಿ ತಿರುಗಿದಾಗ ಬಾವಲಿ ಹಿಕ್ಕೆಯ ಘಾಟು ಮೂಗಿಗೆ ಬಂತು. ಗುಹೆ ಹತ್ತಿರವೇ ಇತ್ತು. ಕೊನೆಯ ಬಂಡೆಯೊಂದನ್ನು ಹತ್ತಬೇಕಿತ್ತು, ಅಷ್ಟೆ.

ಮೋಕ್ಷಿತಾ ಕಾಲು ಎತ್ತಿಟ್ಟಳು. ಮರುಕ್ಷಣ ಬಲ ಕಿಬ್ಬೊಟ್ಟೆ ಒತ್ತಿ ಹಿಡಿದು ಕುಸಿದಳು. ವಾಂತಿಯಾಯಿತು.

“ಒಳಗೆ ಚೂರಿ ಹಾಕಿದ ಹಾಗೆ,” ಎಂದಳು.

ಹರಿಣಾಕ್ಷಿ ಹೊಟ್ಟೆ ಮುಟ್ಟಿದಳು. ಹಲಗೆಯಂತೆ ಗಟ್ಟಿ. “ಇದು ತಿಂಗಳ ನೋವಾ?”

“ಅಲ್ಲ ಮೇಡಂ. ಅದು ಮುಗಿದು ಎರಡು ವಾರ ಆಯ್ತು.”

“ಗರ್ಭ ನಿಂತಿರುವ ಸಾಧ್ಯತೆ ಉಂಟಾ? ನಾಚಿಕೆ ಬೇಡ.”

“ಇಲ್ಲ. ಸ್ಕ್ಯಾನಿನಲ್ಲಿ ಅಂಡಾಶಯದಲ್ಲಿ ಗುಳ್ಳೆ ಉಂಟು ಅಂದಿದ್ರು. ಹೇಳಿದ್ರೆ ನೀವು ನನ್ನನ್ನು ಕರ್ಕೊಂಡು ಬರ್ತಿರ್ಲಿಲ್ಲ.” ಅವಳು ಉಸಿರೆಳೆದಳು. “ಈಗ ಭುಜ ಯಾಕೆ ನೋಯ್ತದೆ?”

ಹರಿಣಾಕ್ಷಿಗೆ ಉತ್ತರ ಗೊತ್ತಿತ್ತು. ಹೊಟ್ಟೆಯೊಳಗೆ ರಕ್ತ ಸುರಿದು ಎದೆಗೂ ಹೊಟ್ಟೆಗೂ ನಡುವಿನ ವಪೆಯನ್ನು ತಾಗಿದರೆ ನೋವು ಭುಜದಲ್ಲಿ ಕಾಣಿಸಿಕೊಳ್ಳುತ್ತದೆ. ನರದ ದಾರಿ ಹಾಗಿದೆ; ಅವಳೇ ತರಗತಿಯಲ್ಲಿ ಹೇಳಿಕೊಟ್ಟದ್ದು. ಹುಡುಗಿಯ ತುಟಿ ಬಿಳಿಚಿತ್ತು, ಹಣೆಯಲ್ಲಿ ತಣ್ಣನೆ ಬೆವರು. ನಾಡಿ ಓಡುತ್ತಿತ್ತು. ಎಬ್ಬಿಸಿ ಕೂರಿಸಿದೊಡನೆ ಕಣ್ಣು ಮೇಲಾಯಿತು.

“ಗುಳ್ಳೆ ಒಡೆದಿರಬೇಕು. ಯಾವುದೇ ಆಗಲಿ, ಒಳಗೆ ರಕ್ತ ಹೋಗ್ತಾ ಉಂಟು. ನಡೆಸಲಿಕ್ಕಾಗುವುದಿಲ್ಲ.”

“ಹೊತ್ತುಕೊಂಡು ಹೋಗುವ,” ಎಂದ ಶಾಫಿ. ಗುಹೆಯ ಕಡೆ ಯಾರೂ ತಿರುಗಿ ನೋಡಲಿಲ್ಲ.

ಅಶೋಕ್ ಕತ್ತಿಯಿಂದ ಎರಡು ಬಿದಿರ ಗಳ ಕಡಿದ. ಶಾಫಿ ಟಾರ್ಪಾಲನ್ನು ಅವಕ್ಕೆ ಸುತ್ತಿ ಬಿಗಿದ. ಇಬ್ಬರೂ ಹೆಗಲು ಕೊಟ್ಟರು. ಹರಿಣಾಕ್ಷಿ ಪಕ್ಕದಲ್ಲಿ, ಹುಡುಗಿಯ ನಾಡಿ ಹಿಡಿದು ನಡೆದಳು.

“ಮೋಕ್ಷಿತಾ, ಮೊನ್ನೆ ನನ್ನ ತಂಗಿಯ ಮದುವೆಯಲ್ಲಿ ನೀನು ಊಟ ಕಮ್ಮಿ ಮಾಡ್ಬೇಕಿತ್ತು ಮಾರಾಯ್ತಿ. ನನ್ನ ಹೆಗಲು ಹೋಯ್ತು,” ಎಂದ ಶಾಫಿ, ಅವಳು ಎಚ್ಚರವಿರಲೆಂದು.

“ನೀವು ಐಸ್‌ಕ್ರೀಮ್ ಮೂರು ತಿಂದದ್ದು ಹೇಳ್ಲಾ?”

ಇಳಿಜಾರು. ಜಾರುವ ಕಲ್ಲು. ಅಶೋಕ್ ಮಂಡಿಯೂರಿ ಬಿದ್ದ, ಮೊಣಕಾಲು ತರಚಿತು. ಅವನು ಎದ್ದ, ನಡೆದ.

“ಮತ್ತೆ ಬಿರಿಯಾನಿ ಎಷ್ಟು ತಿಂದೆ ಅಂತ ಹೇಳ್ಲಿಲ್ಲ ನೀನು,” ಎಂದ ಶಾಫಿ.

ಮೋಕ್ಷಿತಾಳ ತಲೆ ಒಂದು ಬದಿಗೆ ವಾಲಿತು.

“ಬೇಗ,” ಎಂದಳು ಹರಿಣಾಕ್ಷಿ.

ಹಳ್ಳದಲ್ಲಿ ನೀರು ಸೊಂಟದವರೆಗೆ ಏರಿತ್ತು. ಘಟ್ಟದ ಮೇಲೆ ಎಲ್ಲೋ ಮಳೆಯಾಗಿರಬೇಕು. ಶಾಫಿ ಹಗ್ಗದ ಒಂದು ತುದಿಯನ್ನು ಆಚೆ ದಡದ ಮರಕ್ಕೆ ಕಟ್ಟಿ ಬಂದ. ಈಚೆ ತುದಿಯನ್ನು ಬಂಡೆಗೆ ಸುತ್ತಿ ಯಾರಾದರೂ ಬಿಗಿ ಹಿಡಿಯಲೇಬೇಕಿತ್ತು. ಹರಿಣಾಕ್ಷಿ ನಾಡಿ ಬಿಟ್ಟು ಹಗ್ಗ ಹಿಡಿದಳು. ಗಂಡಸರಿಬ್ಬರೂ ಮೋಕ್ಷಿತಾಳನ್ನು ಹೊತ್ತು ನೀರಿಗಿಳಿದರು. ಹಳ್ಳದ ನಡುವೆ ಅಶೋಕ್ ಮುಗ್ಗರಿಸಿ ಹಗ್ಗಕ್ಕೆ ಜೋತುಬಿದ್ದ. ಅದು ಅವಳ ಅಂಗೈ ಸುಲಿದುಕೊಂಡು ಜಾರಿತು. ಅವಳು ಬಿಡಲಿಲ್ಲ. ಟಾರ್ಪಾಲು ನೀರಿನ ಮೇಲೆಯೇ ಉಳಿಯಿತು.

ಅವರು ದಡ ಸೇರಿದ ಮೇಲೆ ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡು ತಾನೂ ದಾಟಿದಳು, ಮತ್ತೆ ಹುಡುಗಿಯ ಮಣಿಕಟ್ಟಿನಲ್ಲಿ ನಾಡಿ ಹುಡುಕಿದಳು. ಸಿಕ್ಕಿತು. ದಾರದಂತೆ ತೆಳ್ಳಗೆ, ಆದರೆ ಸಿಕ್ಕಿತು.

ಕೆಳಗೆ ಸಿಗ್ನಲ್ ಬಂದೊಡನೆ ಅಶೋಕ್ ಜೀಪು ಕರೆಸಿದ, ಹರಿಣಾಕ್ಷಿ ಬೆಳ್ತಂಗಡಿಯ ಆಸ್ಪತ್ರೆಗೆ ಫೋನು ಮಾಡಿ ರಕ್ತ ಸಿದ್ಧವಿಡಲು ಹೇಳಿದಳು.

ಶಸ್ತ್ರಚಿಕಿತ್ಸೆ ಮುಗಿಸಿ ಬಂದ ಡಾಕ್ಟರ್ ಮೋಕ್ಷಿತಾಳ ತಾಯಿ ಪ್ರೇಮಾವತಿಯ ಎದುರು ಕುಳಿತರು. “ಹೆಚ್ಚಿನ ಗುಳ್ಳೆಗಳು ತಾವಾಗಿಯೇ ಕರಗ್ತವೆ. ಇದು ಒಡೆದು ರಕ್ತ ನಿಲ್ಲಲೇ ಇಲ್ಲ. ಹೊಟ್ಟೆ ತುಂಬ ಇತ್ತು. ಈಗ ನಿಂತಿದೆ.”

ಪ್ರೇಮಾವತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಮರುದಿನ ಬೆಳಿಗ್ಗೆ ನರ್ಸು ಒಂದೆರಡು ಚಮಚ ನೀರಿಗೆ ಅನುಮತಿ ಕೊಟ್ಟಳು. ಬ್ಯಾಂಡೇಜು ಸುತ್ತಿದ ಕೈಯಲ್ಲಿ ಹರಿಣಾಕ್ಷಿಗೆ ಚಮಚ ನಿಲ್ಲಲಿಲ್ಲ.

“ಮೇಡಂ,” ಎಂದಳು ಮೋಕ್ಷಿತಾ, “ಎಲ್ಲ ಕುತ್ತಿಗೆಗೇ ಹೋಗ್ತಾ ಉಂಟು.”

ಸ್ವರ ಕ್ಷೀಣವಾಗಿತ್ತು. ತುಟಿಗೆ ಬಣ್ಣ ಬಂದಿತ್ತು. ಹರಿಣಾಕ್ಷಿ ಇನ್ನೊಂದು ಚಮಚ ನೀರು ತುಂಬಿದಳು, ಈ ಸಲ ಎರಡೂ ಕೈಯಲ್ಲಿ ಹಿಡಿದು.