ಎರಡು ಅರ್ಧದ ಬೀಗ

“ಇದರ ಜೀವ ಹೋಗಿದೆ,” ಅಂದ ಅವನು, ಹಾರ್ಡ್ ಡಿಸ್ಕನ್ನು ಕೌಂಟರಿನ ಮೇಲಿಡುತ್ತಾ.

“ಅದು ನನಗೂ ಗೊತ್ತು. ಹೆಣ ಗುರುತಿಸೋಕೆ ಡಾಕ್ಟರ್ ಬೇಕಾಗಿಲ್ಲ.”

ಪ್ರಿಂಟರ್ ರಿಪೇರಿಗೆಂದು ಕಾಯುತ್ತಿದ್ದ ಗಿರಾಕಿಯೊಬ್ಬರು ತಲೆ ಎತ್ತಿದರು. ಯಾರೋ ಜಗಳಗಂಟಿ ಹೆಂಗಸು ಅಂದುಕೊಂಡಿರಬೇಕು. ಅವಳು ಈ ಕಂಪ್ಯೂಟರ್ ರಿಪೇರಿಯವನ ಹೆಂಡತಿ ಎಂದು ಅವರಿಗೇನು ಗೊತ್ತು? ಅವನು ಮನೆ ಬಿಟ್ಟು ಅಂಗಡಿಯ ಹಿಂದಿನ ಕೋಣೆಗೆ ಬಂದು ವರ್ಷದ ಮೇಲಾಗಿತ್ತು.

ಈ ಮೆಟ್ಟಿಲು ಹತ್ತಬಾರದು ಅಂತಲೇ ಇದ್ದಳು. ಆದರೆ...

ಕಣ್ಣು ಕಾಣದ ವಿದ್ಯಾರ್ಥಿಗಳಿಗಾಗಿ ಪಠ್ಯಪುಸ್ತಕಗಳನ್ನು ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡುವುದು ಅವಳ ಕೆಲಸ. ಓದಿದ್ದೆಲ್ಲ ಮನೆಯ ಸರ್ವರಿನಲ್ಲಿ, ಅಂದರೆ ಮಂಚದ ಪಕ್ಕ ಕೂತಿದ್ದ ಒಂದು ಪುಟ್ಟ ಕಪ್ಪು ಪೆಟ್ಟಿಗೆಯಲ್ಲಿ ಇರುತ್ತಿತ್ತು. ನಿನ್ನೆ ಬೆಳಿಗ್ಗೆ ಆ ಪೆಟ್ಟಿಗೆ ಹಲ್ಲು ಕಡಿದಂತೆ ಕಟಕಟ ಅಂದು ಸುಮ್ಮನಾಯಿತು. ಒಂದು ವರ್ಷದ ಪಾಠಗಳು ಅದರೊಳಗೆ. ಪರೀಕ್ಷೆ ಹತ್ತಿರ ಬಂದಿತ್ತು. ಮತ್ತೆ ಓದಿ ಮುಗಿಸುವಷ್ಟರಲ್ಲಿ ಆ ಮಕ್ಕಳ ವರ್ಷವೇ ಹಾಳಾಗುತ್ತಿತ್ತು.

ಫೋನಿನಲ್ಲಿ ಅತ್ತ ಅವಳಿಗೆ ಅತ್ತೆ ಹೇಳಿದ್ದು ಒಂದೇ ಮಾತು: “ಮುಳುಗುವವಳಿಗೆ ಹುಲ್ಲುಕಡ್ಡಿ ಆದ್ರೇನು, ನನ್ನ ಮಗ ಆದ್ರೇನು? ಹೋಗಿ ಹಿಡ್ಕೊ.”

“ಹಳೇ ಬ್ಯಾಕಪ್ ಏನಾದ್ರೂ ಉಳಿದಿದ್ಯಾ? ಮನೆ ಬಿಡೋಕೆ ಮುಂಚಿನದಾದ್ರೂ? ಹಳೇ ಪಾಠದಲ್ಲಿ ಕೆಲವು ಈ ವರ್ಷಕ್ಕೂ ಆಗುತ್ತವೆ.” ಗಿರಾಕಿಯಂತೆ ಕೇಳಿದಳು. “ಎಷ್ಟಾಗುತ್ತೋ ಹೇಳಿ, ಕೊಟ್ಟು ಹೋಗ್ತೀನಿ.”

ಆ ಬಹುವಚನ ಅವನಿಗೆ ಚುಚ್ಚಿತು. ಚುಚ್ಚಲಿ ಅಂತಲೇ ಅಂದಿದ್ದಳು.

ಅವನು ಮೊದಲು ಗಿರಾಕಿಯನ್ನು ನಾಳೆ ಬರಲು ಹೇಳಿ ಕಳಿಸಿದ. ಕಂಪ್ಯೂಟರಿನ ಪರದೆಯನ್ನು ಅವಳ ಕಡೆ ತಿರುಗಿಸಿದ. ಸಾಲು ಸಾಲು ತಾರೀಖುಗಳು. ಕೊನೆಯದು ಮೊನ್ನೆಯದು.

ಅವಳಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಮನೆಯ ಪೆಟ್ಟಿಗೆ ತನ್ನೊಳಗಿದ್ದದ್ದರ ಪ್ರತಿಯನ್ನು ದಿನಾ ಇಂಟರ್ನೆಟ್ಟಿನಲ್ಲಿ ಈ ಅಂಗಡಿಗೆ ಕಳಿಸುತ್ತಲೇ ಇತ್ತು. ಅಂದರೆ ಒಂದೂ ಹೋಗಿಲ್ಲ... ದೇವರೇ, ಒಂದೂ ಹೋಗಿಲ್ಲ!

ಸ್ಟೂಲಿನ ಮೇಲೆ ಕೂತಳು. ಮರುಕ್ಷಣವೇ ಸಿಟ್ಟು ನೆತ್ತಿಗೇರಿತು. ಬೇರೆಯಾಗುವಾಗ ಅವಳು ಇಟ್ಟಿದ್ದ ಷರತ್ತು ಒಂದೇ. ನನ್ನದು ಅನ್ನೋದು ಏನೂ ನಿನ್ನ ಹತ್ತಿರ ಇರಬಾರದು, ಅಳಿಸಿಬಿಡು. ಅವನು ತಲೆಯಾಡಿಸಿದ್ದ.

“ಅಳಿಸ್ತೀನಿ ಅಂದಿದ್ದೆ. ಇಷ್ಟು ದಿನ ನನ್ನ ಮನೆ ಒಳಗೆ ಇಣುಕ್ತಾ ಕೂತಿದ್ದೀಯಾ?”

“ಇಣುಕೋಕೆ ಬೀಗ ತೆಗೀಬೇಕಲ್ಲ. ಅರ್ಧ ಕೀಲಿ ನಿನ್ನ ಹತ್ರ ಇದೆ.”

ನಿಜ.

ಮದುವೆಯಾದ ಹೊಸದರಲ್ಲಿ ಅವನೇ ತಂದಿದ್ದ ಪದ್ಧತಿ ಅದು, ಬ್ಯಾಂಕ್ ಲಾಕರಿನ ಹಾಗೆ. ಬ್ಯಾಕಪ್ಪಿನ ಪಾಸ್‌ವರ್ಡಿನಲ್ಲಿ ಮೊದಲರ್ಧ ಅವಳದು, ಉಳಿದರ್ಧ ಅವನದು. ಒಬ್ಬರು ಒತ್ತುವಾಗ ಇನ್ನೊಬ್ಬರು ಗೋಡೆ ನೋಡಬೇಕು. ಒಬ್ಬರನ್ನು ಬಿಟ್ಟು ಒಬ್ಬರು ತೆಗೆಯಲಾಗದು. ಆಗ ಇಬ್ಬರೂ ನಕ್ಕಿದ್ದರು. ಇಂಥ ಹುಚ್ಚು ಬೀಗ ಬೇರೆ ಯಾರ ಮನೆಯಲ್ಲೂ ಇರಲಿಕ್ಕಿಲ್ಲ. ಇಬ್ಬರೂ ಮುಖ ತಿರುಗಿಸಿಕೊಂಡ ದಿನ ಏನು ಗತಿ ಅಂತ ಇಬ್ಬರಿಗೂ ಹೊಳೆದಿರಲಿಲ್ಲ.

ಒಂದೇ ಕೀಬೋರ್ಡಿನ ಮುಂದೆ ಕೂತರು. ಮೊಣಕೈ ತಾಗದಂತೆ ಅವಳು ಸ್ಟೂಲನ್ನು ಎಳೆದುಕೊಂಡಳು. ಅವನು ಗೋಡೆ ನೋಡಿದ. ಅವಳು ಒತ್ತಿದಳು. ಆಮೇಲೆ ಅವಳು ಗೋಡೆ ನೋಡಿದಳು.

ತೆರೆಯಲಿಲ್ಲ.

ಬದಲಾಯಿಸಿದ್ದೀಯಾ ಎಂದು ಅವಳು, ಮರೆತಿದ್ದೀಯಾ ಎಂದು ಅವನು. ದನಿ ಏರಿತು. ಬೇಕೆಂದೇ ತಪ್ಪು ಒತ್ತಿ ನನ್ನನ್ನು ಗೋಳು ಹೊಯ್ದುಕೊಳ್ಳುತ್ತಿದ್ದಾನೆ ಅನ್ನಿಸಿತು ಅವಳಿಗೆ. ಹಾಗೆಂದೂಬಿಟ್ಟಳು.

“ಸಿಟ್ಟಲ್ಲಿ ತಪ್ಪು ಒತ್ತಿರ್ತೀಯ,” ಅಂದ ಅವನು ತಣ್ಣಗೆ. “ನೀರು ಕುಡಿದು ಒತ್ತು.”

ಕುಡಿದಳು. ಒತ್ತಿದಳು. ಅವನೂ ಒತ್ತಿದ. ಬೀಗ ತೆರೆಯಿತು.

ಹೊಸ ಡಿಸ್ಕಿಗೆ ಪಾಠಗಳು ಒಂದೊಂದಾಗಿ ಇಳಿಯತೊಡಗಿದವು. ಸಂಜೆಯವರೆಗೆ ಆಗುತ್ತದೆ, ಹೋಗಿ ಬಾ ಅಂದ. ಇಲ್ಲೇ ಕೂತಿರುತ್ತೇನೆ, ನಿನ್ನ ನಂಬಿ ಹೋಗಲಾರೆ ಅಂದಳು. ಅವನು ಬೆನ್ನು ತಿರುಗಿಸಿ ಆ ಪ್ರಿಂಟರಿನ ಸ್ಕ್ರೂ ಬಿಚ್ಚಲು ಕೂತ. ಬೈಗುಳವನ್ನಾದರೂ ಅವಳು ಸಹಿಸುತ್ತಿದ್ದಳು, ತಿರುಗಿಸಿದ ಬೆನ್ನನ್ನಲ್ಲ.

“ಇಷ್ಟೆಲ್ಲ ಯಾಕೆ ಕಾಪಾಡಿದೆ?” ಕೊನೆಗೆ ಕೆಣಕಿದಳು. “ನಿನ್ನ ಲೆಕ್ಕದಲ್ಲಿ ಇದು ಹೊತ್ತು ಹೋಗದವಳ ಕೆಲಸ ತಾನೆ?”

“ಯಾರು ಹೇಳಿದ್ದು?”

“ನೀನೇ. ಬಾಗಿಲಲ್ಲಿ ನಿಂತು. ಮನೆ ಮಾಲೀಕರ ಹತ್ರ ಹಲ್ಲು ಕಿರಿದು ಹೇಳಿದ್ದು, ಆಗಷ್ಟೇ ಓದೋ ಕೋಣೆಯಿಂದ ಹೊರಗೆ ಬಂದ ನನಗೆ ಕೇಳಿಸಲ್ವಾ? ‘ಏನಿಲ್ಲ ಸಾರ್, ಹೊತ್ತು ಹೋಗಲ್ಲ ಅಂತ ಏನೋ ಓದ್ಕೊಂಡಿರ್ತಾಳೆ.’”

ಸ್ಕ್ರೂಡ್ರೈವರ್ ಅವನ ಕೈಯಲ್ಲೇ ನಿಂತಿತು.

ಆ ದಿನ ಮಾಲೀಕರು ಬಂದದ್ದು ಯಾಕೆಂದು ಅವನು ಹೇಳಿದ. ಮನೆಯಲ್ಲಿ ಸ್ಟುಡಿಯೋ ನಡೆಸುತ್ತಿದ್ದೀರಂತೆ, ಹಾಗಿದ್ದರೆ ಖಾಲಿ ಮಾಡಿ ಅನ್ನುವುದಕ್ಕೆ. ಅವಳು ಗೋಡೆಗೆಲ್ಲ ದಪ್ಪ ಬಟ್ಟೆ ಹೊಡೆದು, ಕಿಟಕಿಯ ಸಂದಿ ಮುಚ್ಚಿ, ಆ ಕೋಣೆಯನ್ನು ಸದ್ದಿಲ್ಲದಂತೆ ಮಾಡಿಕೊಂಡದ್ದು ಆಗಷ್ಟೇ. ಅದು ಕೈತಪ್ಪಬಾರದೆಂದು ಬಾಯಿಗೆ ಬಂದದ್ದು ಹೇಳಿ ಸಾಗಹಾಕಿದ್ದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತ.

ಅವಳಿಗೆ ಅಳು ಬರಬೇಕಿತ್ತು. ಬಂದದ್ದು ಕೋಪ.

“ನನಗೆ ಯಾಕೆ ಹೇಳಲಿಲ್ಲ?”

“ನೀನು ಯಾಕೆ ಕೇಳಲಿಲ್ಲ? ಮಾರನೇ ದಿನದಿಂದ ಮಾತೇ ಬಿಟ್ಟೆ. ಕಾರಣ ಹೇಳದೆ ಮುಖ ಗಂಟು ಹಾಕ್ಕೊಂಡು ತಿರುಗಿದ್ರೆ ನಾನೇನು ಜ್ಯೋತಿಷ್ಯ ನೋಡ್ಬೇಕಿತ್ತಾ?”

ಕೋಪದಲ್ಲಿ ಕೊಯ್ದ ಮೂಗು... ಅತ್ತೆ ಆಗಾಗ ಹೇಳುತ್ತಿದ್ದ ಗಾದೆ. ಆದರೂ ಅವಳೊಳಗೆ ಒಂದು ಮುಳ್ಳು ಉಳಿದಿತ್ತು. ಬಾಳಿನಲ್ಲಿ ಏಟು ತಿಂದವರಿಗೆ ಗೊತ್ತು, ಮುಳ್ಳನ್ನು ಒಳಗಿಟ್ಟುಕೊಂಡು ಮುಲಾಮು ಹಚ್ಚಬಾರದು.

“ಸುಳ್ಳೇ ಇರಲಿ,” ನಿಧಾನವಾಗಿ ಅಂದಳು. “ಆ ಮಾತು ನಿನ್ನ ಬಾಯಿಗೆ ಅಷ್ಟು ಸಲೀಸಾಗಿ ಹೇಗೆ ಬಂತು?”

ಅವನು ಸ್ಕ್ರೂಡ್ರೈವರನ್ನು ಕೆಳಗಿಟ್ಟ. ತಪ್ಪಿಸಿಕೊಳ್ಳಬಹುದಿತ್ತು.

“ಆಗ ಹಾಗೇ ಅಂದ್ಕೊಂಡಿದ್ದೆ,” ಅಂದ. “ಪೂರ್ತಿ ಸುಳ್ಳಲ್ಲ ಅದು.”

ಅವಳು ಎದ್ದು ನಿಂತಳು.

“ಇರು, ಮುಗಿದಿಲ್ಲ. ನಾನು ಇಲ್ಲಿಗೆ ಬಂದ ವಾರ, ಇನ್ನೂ ಏನೂ ಅಳಿಸಿರಲಿಲ್ಲ, ಒಬ್ಬರು ಫೋನ್ ರಿಪೇರಿಗೆ ಬಂದ್ರು. ಕಣ್ಣು ಕಾಣಲ್ಲ, ವಕೀಲಿಕೆ ಓದ್ತಿದ್ರು. ರಿಪೇರಿ ಆದ ತಕ್ಷಣ ಇಲ್ಲೇ ಕೂತು ಪಾಠ ಹಾಕ್ಕೊಂಡ್ರು, ಎರಡು ಪಟ್ಟು ವೇಗದಲ್ಲಿ. ನನಗೆ ಒಂದು ಅಕ್ಷರ ತಿಳೀಲಿಲ್ಲ. ದನಿ ಮಾತ್ರ ತಕ್ಷಣ ಗೊತ್ತಾಯ್ತು.” ಅವನ ತುಟಿ ಸ್ವಲ್ಪ ಅಲುಗಿತು. “ಜಗಳ ಆಡುವಾಗ ನಿಂದು ಅದೇ ವೇಗ.”

ನಗಬಾರದೆಂದು ಅವಳು ತುಟಿ ಕಚ್ಚಿದಳು.

“ಈ ದನಿ ಇಲ್ದಿದ್ರೆ ಓದು ಬಿಟ್ಟು ಮನೇಲಿ ಕೂತಿರ್ತಿದ್ದೆ ಅಂದ್ರು. ಅದು ನನ್ನ ಹೆಂಡತಿ ಅನ್ನೋಕೆ ಬಾಯಿ ಬರಲಿಲ್ಲ. ಯಾವ ಮುಖ ಇಟ್ಕೊಂಡು ಹೇಳ್ಲಿ? ಅವತ್ತಿಂದ ದಿನಾ ಬೆಳಿಗ್ಗೆ ಎದ್ದು ಬ್ಯಾಕಪ್ ಬಂದಿದ್ಯಾ ನೋಡ್ತೀನಿ. ಒಳಗೆ ಏನಿದೆ ಗೊತ್ತಾಗಲ್ಲ. ಬಂದಿದ್ರೆ ನೀನು ಓದಿದ್ದೀಯ, ಹುಷಾರಾಗಿದ್ದೀಯ ಅಂತ. ಬರದಿದ್ದ ದಿನ ಅಂಗಡೀಲಿ ಎಲ್ಲರ ಮೇಲೂ ರೇಗಾಡ್ತೀನಿ.”

ಸಂಜೆಯಾಗುತ್ತಿದ್ದಂತೆ ಪರದೆಯ ಮೇಲೆ ಕೊನೆಯ ಪಾಠವೂ ಇಳಿಯಿತು. ಅವಳು ಕಣ್ಣೊರೆಸಿಕೊಂಡು ಒಂದನ್ನು ತೆರೆದು ಕೇಳಿದಳು. ಸರಿಯಿತ್ತು. ಇನ್ನೊಂದು... ಅದೂ ಸರಿಯಿತ್ತು. ನಿನ್ನೆ ಬೆಳಿಗ್ಗೆ ಓದಿದ್ದು ಮಾತ್ರ ಇರಲಿಲ್ಲ. ಅದು ಇಲ್ಲಿಗೆ ಬರುವ ಮೊದಲೇ ಪೆಟ್ಟಿಗೆ ಸತ್ತಿತ್ತು.

ಅವನು ಹೊಸ ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ ಅವಳ ಕೈಗಿಟ್ಟ. ಹಣ ತೆಗೆಯಲು ಹೋದವಳನ್ನು ಬೇಡವೆಂದ.

ಬಾಗಿಲವರೆಗೆ ಹೋದವಳು ತಿರುಗಿದಳು.

“ಅಂಗಡಿ ಮುಚ್ಚು.”

“ಯಾಕೆ?”

“ಹೋದ ಪಾಠ ಇವತ್ತೇ ಓದಬೇಕು. ನಾನು ಓದುವಾಗ ಯಾರಾದ್ರೂ ಬಾಗಿಲು ತಟ್ತಾರೆ. ನೋಡ್ಕೊಳ್ಳೋಕೆ ಒಬ್ಬರು ಬೇಕು.” ಅವನ ಮುಖ ನೋಡದೆ ಕೇಳಿದಳು, “ಮಾಲೀಕರು ಬಂದ್ರೆ ಏನಂತೀಯ?”

“ನನ್ನ ಹೆಂಡತಿ ಕೆಲಸದಲ್ಲಿದ್ದಾಳೆ, ಮೆಲ್ಲಗೆ ಮಾತಾಡಿ ಅಂತೀನಿ.”

“ಖಾಲಿ ಮಾಡಿ ಅಂದ್ರೆ?”

ಅವನು ಷಟರ್ ಎಳೆದು ಬೀಗ ಹಾಕಿದ. ಬಂದು ಅವಳ ಕೈಯಿಂದ ಡಿಸ್ಕಿನ ಗಂಟು ತೆಗೆದುಕೊಂಡ.

“ಮಾಡೋಣ. ಸಾಮಾನು ಈ ಸಲ ಒಂದೇ ಗಾಡೀಲಿ ಹೋಗ್ಲಿ.”