ತಣ್ಣಗಾಗದ ಕೋಣೆ

ಸುಡುಬಿಸಿಲಿನ ಊರು ಮಾರಕೈಬೊದ ಮನೆಗಳಲ್ಲಿ ಇಪ್ಪತ್ತು ವರ್ಷ ಏಸಿ ತೊಳೆದು ಬದುಕಿದವನು ನಾನು, ಹೆಸರು ಎಂದೇರ್. ಕಟ್ಟುಕಥೆ ಹೇಳುವಷ್ಟು ಪುರುಸೊತ್ತಿಲ್ಲ. ಅವತ್ತು ನಡುಮಧ್ಯಾಹ್ನ ಒಂದು ಮನೆಯ ಯಜಮಾನಿ ಅಲ್ಸೀರಾ ಅಮ್ಮ ನನ್ನನ್ನು ಮಗಳ ಕೋಣೆಗೆ ಕರೆದೊಯ್ದರು. ಆ ಮಗಳು ಡೆಂಗಿ ಜ್ವರದಲ್ಲಿ ತೀರಿಕೊಂಡು ಮೂರು ವರ್ಷವಾಗಿತ್ತು.

"ಕೋಣೆ ತಣ್ಣಗಾಗ್ತಾನೇ ಇಲ್ಲ, ಎಂದೇರ್. ಹೋದ ಸಲ ಕಾಟಾಚಾರಕ್ಕೆ ತೊಳೆದ್ಯಾ?"

"ನನ್ನ ಕೆಲಸಕ್ಕೆ ಹೆಸರಿಡೋ ಹಾಗಿಲ್ಲ, ಅಮ್ಮ."

ಜಾಲರಿ ತೊಳೆದೆ, ಗ್ಯಾಸ್ ನೋಡಿದೆ. ಎಲ್ಲ ಸರಿಯಿತ್ತು. ಶಾಖ ಎಲ್ಲಿಂದ ಬರುತ್ತಿದೆಯೆಂದು ಹುಡುಕಲು ಪಿಸ್ತೂಲಿನಂಥ ಥರ್ಮಾಮೀಟರನ್ನು ಒಂದೊಂದು ಕಡೆಗೂ ಹಿಡಿದು, ರೂಢಿಯಂತೆ ಅಂಕಿಯನ್ನು ಗಟ್ಟಿಯಾಗಿ ಹೇಳುತ್ತ ಹೋದೆ. ಏಸಿಯ ಬಾಯಲ್ಲಿ ಒಂಬತ್ತು ಡಿಗ್ರಿ. ಗೋಡೆ ಇಪ್ಪತ್ತೆಂಟು. ನೆಲವೂ ಇಪ್ಪತ್ತೆಂಟು. ಸುಕ್ಕಿಲ್ಲದೆ ಹಾಸಿದ್ದ ಖಾಲಿ ಮಂಚ, ಮೂವತ್ತೊಂಬತ್ತು.

ಥರ್ಮಾಮೀಟರ್ ಕೆಟ್ಟಿರಬೇಕೆಂದು ನನ್ನ ಅಂಗೈಗೆ ಹಿಡಿದು ನೋಡಿದೆ. ಮೂವತ್ಮೂರು, ಅದು ಸರಿಯೇ. ಮತ್ತೆ ಮಂಚದ ಕಡೆ ತಿರುಗಿಸಿದೆ.

"ಮೂವತ್ತೊಂಬತ್ತು," ಎಂದೆ.

ಅಲ್ಸೀರಾ ಅಮ್ಮ ಶಿಲುಬೆಯ ಗುರುತು ಮಾಡಿಕೊಂಡರು. ಮಂಚದ ಪಕ್ಕದ ಬೋಗುಣಿಯಲ್ಲಿದ್ದ ಒದ್ದೆ ಬಟ್ಟೆ ಹಿಂಡಿ, ದಿಂಬಿನ ಮೇಲೆ ಮೆಲ್ಲಗೆ ಹಾಸಿದರು.

"ಬೆಳಿಗ್ಗೆ ಜ್ವರ ನಲವತ್ತೂವರೆ ಇತ್ತು, ಎಂದೇರ್. ಇಳೀತಾ ಇದೆ."