ಸಂತ ಬರೆಯದ ಹೆಸರು

ಅರವತ್ತೊಂದರ ಬೇಸಿಗೆ. ಶನಿವಾರದ ಮುಂಜಾನೆ ಶಾಲೆಯಲ್ಲಿ ಪಾಠ ಹೇಳಿ ಮುಗಿಸಿ ಗೌರಾಬಾಯಿ ಸ್ಟೇಷನ್ ರಸ್ತೆಯ ಬೈಂಡಿಂಗ್ ಅಂಗಡಿಗೆ ಬರುವಷ್ಟರಲ್ಲಿ ಬಿಸಿಲು ಅವಳನ್ನು ಹಿಂಡಿಹಾಕಿತ್ತು. ಏಳು ವರ್ಷಗಳಿಂದ ಪ್ರತಿ ಶನಿವಾರ ಅದೇ ಸ್ಟೂಲು, ಅದೇ ಗೋಂದಿನ ವಾಸನೆ. ಅಂಗಡಿಯ ಶಿವಶರಣಪ್ಪ ಮಾತ್ರ ಇವತ್ತೇ ಮೊದಲ ಸಲ ನೋಡಿದವನಂತೆ ಗಡಿಬಿಡಿಯಿಂದ ಕೈ ಒರೆಸಿಕೊಂಡ. ಆ ಗಡಿಬಿಡಿಗೆ ಅವಳು ಇನ್ನೂ ಸೋಲುತ್ತಿದ್ದಳು.

"ಓದೂಣೇನ್ರಿ?" ಎಂದ.

ಚರ್ಚಿನ ಪಾದ್ರಿಯೊಬ್ಬರು ಬೈಂಡಿಂಗಿಗೆ ಕೊಟ್ಟು, ವರ್ಗವಾಗಿ ಹೋಗಿ, ಮರೆತ ಇಂಗ್ಲಿಷ್ ಪುಸ್ತಕವದು. ಅದರಲ್ಲಿ ಪ್ರಾಚೀನ ಕಾಲದ ಕ್ರೈಸ್ತ ಸಂತನೊಬ್ಬ ತನ್ನ ಬದುಕಿನ ತಪ್ಪುಗಳನ್ನೆಲ್ಲ ದೇವರ ಮುಂದೆ ತಾನೇ ಹೇಳಿಕೊಂಡಿದ್ದ. ದೀಪಾವಳಿಯಿಂದ ಇಬ್ಬರೂ ಡಿಕ್ಷನರಿ ಇಟ್ಟುಕೊಂಡು ಅದನ್ನು ಓದುತ್ತಿದ್ದರು. ಪುಟ ತಿರುವುವಾಗ ಬೆರಳು ತಾಕಿದರೆ ಇಬ್ಬರೂ ಡಿಕ್ಷನರಿಯನ್ನೇ ನೋಡುತ್ತಿದ್ದರು.

ಇವತ್ತಿನ ಪುಟದಲ್ಲಿ ಸಂತ, ವರ್ಷಗಟ್ಟಲೆ ಜೊತೆಗಿದ್ದ ಹೆಣ್ಣನ್ನು ಅವಳ ಊರಿಗೆ ಕಳಿಸಿಬಿಟ್ಟ.

"ಆಕಿ ಹೆಸರೇನ್ರಿ?"

ಶಿವಶರಣಪ್ಪ ಹಿಂದಿನ ಪುಟ ನೋಡಿದ, ಮುಂದಿನದನ್ನೂ ನೋಡಿದ. "ಬರದಿಲ್ರಿ."

"ಸಣ್ಣಾಂವಿದ್ದಾಗ ಮಾಡಿದ ಕಳವೂ ಹೇಳ್ಯಾನ. ಆಕಿ ಹೆಸರ ಒಂದ ಬ್ಯಾಡಾತೇನ್ರಿ?"

"ಆಕಿಗೆ ಮಂದಿ ಏನರ ಅಂದಾರು ಅಂತ ಬಿಟ್ಟಿರಬೇಕು."

"ನೀವೂ ಹಂಗ ಅಂತೀರಿ." ಗೌರಾಬಾಯಿ ಪುಸ್ತಕ ಮುಚ್ಚಿದಳು. "ಸಾರವಾಡದಾಗ ನಮ್ಮ ಖಂಡಪ್ಪಣ್ಣ ಒಂದ ವರ ನೋಡ್ಯಾನ. ನಾಕರ ಬಸ್ಸಿಗೆ ಹೋಗಿ ಹೂಂ ಅನ್ನಬೇಕು, ಇಲ್ಲಾ ಒಲ್ಲೆ ಅನ್ನಬೇಕು. ನನಗ ಕಾಯೋದು ಸಾಕಾಗೇತ್ರಿ."

ಮೊದಲು ತಂಗಿಯ ಮದುವೆಯಾಗಲಿ ಎಂದಿದ್ದ ಶಿವಶರಣಪ್ಪ, ಆಯಿತು. ಅಂಗಡಿ ಕುದುರಲಿ ಎಂದಿದ್ದ, ಕುದುರಿತು. ಈಗ ನೆಪಗಳೆಲ್ಲ ತೀರಿ ಅಂಜಿಕೆಯೊಂದೇ ಉಳಿದಿತ್ತು.

ಅಷ್ಟರಲ್ಲಿ ಅವನ ತಾಯಿ ಮುರಿಗೆವ್ವ ಬುತ್ತಿ ಹಿಡಿದು ಒಳಗೆ ಬಂದಳು. "ಅಕ್ಕೋರ ಪುಸ್ತಕ ಇನ್ನೂ ಆಗಿಲ್ಲೇನಪಾ?" ಎಂದಳು. ಸಾಲಿ ಅಕ್ಕೋರು, ಬೈಂಡಿಂಗಿಗೆ ಬಂದಾರ: ಏಳು ವರ್ಷಗಳಿಂದ ಮಗ ತಾಯಿಗೆ ಹೇಳಿದ್ದು ಇಷ್ಟೇ.

ಶಿವಶರಣಪ್ಪ ಎದ್ದು ನಿಂತ. ಆ ಸೀಮೆಯ ಲಗ್ನಗಳಲ್ಲಿ ಗಂಡು ಹೆಣ್ಣು ಒಬ್ಬರ ಹೆಸರನ್ನೊಬ್ಬರು ಪ್ರಾಸ ಕಟ್ಟಿ, ಒಡಪು ಹಾಕಿ ಹೇಳಬೇಕು. ಹೆದರಿ ನಿಂತವನಿಗೆ ಹೊಳೆದದ್ದು ಅದೊಂದೇ.

"ಹಳೇ ಪುಸ್ತಕಕ್ಕ ಹೊಸಾ ರಟ್ಟು ಚಂದ, ಗೌರಾಬಾಯಿ ಹೆಸರ ಹೇಳತೇನಿ ಏಳ ವರ್ಷ ತಡಾ ಮಾಡಿ ಇಂದ."

ಮುರಿಗೆವ್ವ ಮಗನನ್ನೊಮ್ಮೆ, ಅವಳನ್ನೊಮ್ಮೆ ನೋಡಿದಳು. "ಲಗ್ನಾ ಆಗದನ ಒಡಪ ಹೇಳತಾರೇನೋ?"

ಗೌರಾಬಾಯಿಗೆ ನಗುವಷ್ಟು ತ್ರಾಣ ಇರಲಿಲ್ಲ. ಕಣ್ಣು ತುಂಬಿಕೊಂಡವು. "ನಮ್ಮ ಅಣ್ಣನ ಮುಂದ ಇನ್ನೊಮ್ಮೆ ಹೇಳ್ರಿ. ಆಮ್ಯಾಲ ನೋಡೂಣು."

ಮುರಿಗೆವ್ವ ಬಿಚ್ಚುತ್ತಿದ್ದ ಬುತ್ತಿಯನ್ನು ಮತ್ತೆ ಗಂಟು ಹಾಕಿದಳು. "ಅಂಗಡಿ ಬಾಗಲಾ ಹಾಕು. ಹೆಣ್ಣ ಕೇಳಾಕ ನೀ ಒಬ್ಬನ ಹೋಗ್ತೀಯೇನು?"

ನಾಲ್ಕರ ಬಸ್ಸು ಊರು ದಾಟುವ ಮೊದಲೇ ಗೌರಾಬಾಯಿಗೆ ನಿದ್ದೆ ಹತ್ತಿತು. ತಲೆ ಮುರಿಗೆವ್ವನ ಹೆಗಲಿಗೆ ವಾಲಿತು. ಆ ಮುದುಕಿ ಅಲುಗಾಡದೆ ಕುಳಿತಳು.

ಕಂಡಕ್ಟರ್ ಬಂದ.

"ಸಾರವಾಡ, ಮೂರು," ಎಂದ ಶಿವಶರಣಪ್ಪ.

"ಸಾವಕಾಶ ಅನ್ನೋ," ಎಂದಳು ತಾಯಿ, "ಗೌರಾ ಮಲಗ್ಯಾಳ."